ಮೋಡದ ಮುಂದೆ ಓಡುವ ಮೌನ

ಬಿರುಮಳೆಯ ಮೋಡ ಬರುವ ಮೊದಲು ಅದರ ಮುಂದೆ ಒಂದು ಮೌನ ಬರುತ್ತದೆ ಎಂಬುದು ಕಸ್ತೂರಿ ಹೂಗಾರಳ ಶೋಧ. ಅದು ಯಾಕೆ ಬರುತ್ತದೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಅದೊಂದೇ ಅವಳ ತಲೆಯೊಳಗೆ ಹೊಕ್ಕು ಕೂತಿತ್ತು. ಸಾರಿಗೆ ಉಪ್ಪು ಹಾಕುವಾಗಲೂ ಅದೇ ಯೋಚನೆ, ಆದ್ದರಿಂದ ಮನೆಯವರಿಗೆ ಎರಡು ಸಲ ಉಪ್ಪು ಬಿದ್ದ ಸಾರು ಉಣ್ಣುವುದು ರೂಢಿಯಾಗಿತ್ತು.

ಅವಳು ಕೆಲಸ ಮಾಡುವ ಕೇಂದ್ರ ವಿಜಯಪುರದ ಹೊರಗೆ, ಇಂಡಿ ರಸ್ತೆಯಲ್ಲಿ. ಹೆಸರು ‘ಮುಗಿಲಗಣ್ಣು’. ಅದು ಹುಟ್ಟಿದ್ದು ಒಂದೇ ಒಂದು ಪ್ರಶ್ನೆಯಿಂದ: ಜನರ ಜೇಬಿನಲ್ಲಿರುವ ಫೋನುಗಳೇ ಹವಾಮಾನದ ಉಪಕರಣಗಳಾಗಿಬಿಟ್ಟರೆ? ಮೋಡ ಸಿಡಿಲು ಹಡೆಯುವ ಮೊದಲು ಒಳಗೊಳಗೇ ಚಟಪಟ ಎನ್ನುತ್ತದೆ. ಆ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಫೋನಿಗೆ ಬೀಳುತ್ತದೆ. ಫೋನು ಅದನ್ನು ಕಸವೆಂದು ಎಸೆದುಬಿಡುತ್ತದೆ. ಎಸೆದ ಕಸವನ್ನೆಲ್ಲ ಒಂದು ಕಡೆ ಕೂಡಿಸಿ ಹೊಲಿದರೆ ಮೋಡದ ಹೊಟ್ಟೆಯ ಚಿತ್ರ ಸಿಗುತ್ತದೆ. ಸಾವಿರ ಫೋನಿದ್ದರೆ ಮಸುಕು ಚಿತ್ರ, ಲಕ್ಷವಿದ್ದರೆ ಸ್ಪಷ್ಟ ಚಿತ್ರ.

ಚಿತ್ರ ಸಿಕ್ಕಿದ ಮೇಲೆ ಸುಮ್ಮನೆ ಕೂರುವ ಜಾತಿಯೇ ವಿಜ್ಞಾನಿಗಳದ್ದು? ಸಿಡಿಲು ಹೇಗಿದ್ದರೂ ಬೀಳುವುದೇ, ಅದನ್ನು ನಾವು ಹೇಳಿದ ಕಡೆ ಬೀಳಿಸೋಣ ಎಂದರು. ಜಿಲ್ಲೆಯ ಬಂಜರು ಜಾಗಗಳನ್ನು ಹುಡುಕಿ ಹುಡುಕಿ ‘ಇಳಿಗಂಬ’ಗಳನ್ನು ನೆಟ್ಟರು. ಆಳೆತ್ತರಕ್ಕಿಂತ ತುಸು ಹೆಚ್ಚು ಎತ್ತರದ ಕಂಬ, ತುದಿಯಲ್ಲಿ ಮೊಳದುದ್ದದ ರಾಕೆಟ್ಟು, ರಾಕೆಟ್ಟಿಗೆ ಕೂದಲೆಳೆಯಂಥ ತಾಮ್ರದ ತಂತಿಯ ಬಾಲ. ಮೋಡ ಮಾಗಿದಾಗ ರಾಕೆಟ್ಟು ತಂತಿ ಎಳೆದುಕೊಂಡು ಮೇಲೇರುತ್ತದೆ, ಸಿಡಿಲು ಆ ತಂತಿ ಹಿಡಿದು ಕೆಳಗಿಳಿದು ನೆಲ ಸೇರುತ್ತದೆ. ಮುಂದಿನ ಊರುಗಳು ಬದುಕಿಕೊಳ್ಳುತ್ತವೆ.

ಯಾರ ತಲೆಯ ಮೇಲಾದರೂ ಇಳಿದರೆ? ಅದಕ್ಕೂ ಒಂದು ಬೀಗ ಇಟ್ಟಿದ್ದರು. ಪ್ರತಿ ಕಂಬವೂ ತನ್ನ ಸುತ್ತ ಅರ್ಧ ಕಿಲೋಮೀಟರಿನಲ್ಲಿ ಜೀವಂತ ಫೋನು ಇದೆಯೇ ಎಂದು ಕಿವಿಗೊಟ್ಟು ಕೇಳುತ್ತಿರುತ್ತದೆ. ಒಂದೇ ಒಂದು ಇದ್ದರೂ ರಾಕೆಟ್ಟು ಏಳುವುದಿಲ್ಲ. ಈ ಕಾಲದಲ್ಲಿ ಫೋನಿಲ್ಲದ ಮನುಷ್ಯ ಎಲ್ಲಿದ್ದಾನೆ? ಕುರಿ ಕಾಯುವವನ ಕೈಯಲ್ಲೂ ಒಂದಿದೆ. ಹೀಗೆ ವಾದಿಸಿ ಬೀಗಕ್ಕೆ ಒಪ್ಪಿಗೆ ಪಡೆದವಳು ಸ್ವತಃ ಕಸ್ತೂರಿ. ಕಂಬದ ಹತ್ತಿರ ಕೆಲಸ ಮಾಡಲು ತೊಂದರೆಯಾಗಬಾರದೆಂದು ಕೇಂದ್ರದ ಸಿಬ್ಬಂದಿಯ ಫೋನುಗಳನ್ನು ಮಾತ್ರ ಈ ಲೆಕ್ಕದಿಂದ ಬಿಟ್ಟಿದ್ದರು.

ಹೀಗೆ ಎಲ್ಲ ಸರಿಯಾಗಿ ನಡೆದಿರುವಾಗ ಆ ಮೌನ ಎದುರಾಯಿತು. ಮೋಡ ಒಂದು ಊರಿನ ಕಡೆ ಹೊರಟರೆ ಸಾಕು, ಅದು ತಲುಪುವ ಮುಂಚೆಯೇ ಆ ಊರಿನ ಫೋನಿನ ಚುಕ್ಕೆಗಳು ನಕ್ಷೆಯಿಂದ ಮಾಯವಾಗುತ್ತಿದ್ದವು. ಮೋಡ ದಾಟಿದ ಮೇಲೆ ಒಂದೊಂದಾಗಿ ಮತ್ತೆ ಮೂಡುತ್ತಿದ್ದವು. ಟವರುಗಳು ಕೆಟ್ಟಿರಲಿಲ್ಲ. ಕರೆಂಟು ಹೋದರೂ ಅವುಗಳಿಗೆ ಬ್ಯಾಟರಿ ಇತ್ತು. ನಿಯಂತ್ರಣ ಕೊಠಡಿಯ ಮುಖ್ಯಸ್ಥ ಕೆದಿಲಾಯರು ಮಂಗಳೂರು ಕಡೆಯವರು, ಓದಿಕೊಂಡವರು. ಮೋಡ ತನ್ನ ಮುಂದೆ ವಿದ್ಯುತ್ತು ತುಂಬಿದ ದೂಳನ್ನು ದಬ್ಬಿಕೊಂಡು ಬರುತ್ತದೆ, ಅದು ಫೋನುಗಳನ್ನು ಕಿವುಡಾಗಿಸುತ್ತದೆ ಎಂದು ಒಂದು ಸಿದ್ಧಾಂತ ಕಟ್ಟಿದರು. ಕಸ್ತೂರಿ ಅದಕ್ಕೆ ‘ಮೌನಪಟ್ಟಿ’ ಎಂದು ಹೆಸರಿಟ್ಟಳು. ನಿಜವಾದರೆ ಪ್ರಪಂಚದಲ್ಲಿ ಯಾರೂ ಕಾಣದ್ದನ್ನು ಅವಳು ಕಂಡಂತೆ. ಅದರೊಳಗೆ ಹೊಕ್ಕು ಅಳೆದು ಬರಬೇಕು, ಸಾಧ್ಯವಾದರೆ ಅದೇ ಮೋಡದಿಂದ ಮೊದಲ ಸಿಡಿಲನ್ನು ಇಳಿಸಬೇಕು ಎಂದು ಏಪ್ರಿಲ್ಲಿನ ಆ ಬೆಳಿಗ್ಗೆ ಅವಳು ವ್ಯಾನು ಹತ್ತಿದಳು.

ಹೊರಡುವಾಗ ಅತ್ತೆ ಚಂದ್ರವ್ವ ರೊಟ್ಟಿಯ ಗಂಟು ಕೈಗಿಟ್ಟು, ಪಕ್ಕದ ಮನೆಯವರಿಗೂ ಕೇಳಿಸುವಂತೆ ಹೇಳಿದಳು: “ಮಂದಿ ಮಳಿ ಬಂದ್ರ ಮನೀಗೆ ಓಡ್ತಾರ. ನಮ್ಮನಿ ಸೊಸಿ ಮನಿ ಬಿಟ್ಟು ಮಳೀಗೆ ಓಡ್ತಾಳ.”

“ಸಂಜೀಕ ಬರ್ತೀನ್ರಿ ಅತ್ತಿ. ಮುಟ್ಟಿದ ಮ್ಯಾಲೆ ಫೋನ್ ಹಚ್ತೀನಿ.”

“ಹಚ್ಚೂದಿದ್ರ ಮಳಿಗಿಂತ ಮೊದಲ ಹಚ್ಚು,” ಎಂದಳು ಚಂದ್ರವ್ವ. ಕಸ್ತೂರಿ ಆ ಮಾತಿಗೆ ಕಿವಿಗೊಡಲಿಲ್ಲ.

ಮೋಡ ಬೆನ್ನಟ್ಟುವುದೆಂದರೆ ಬಹುಪಾಲು ಕಾಯುವುದು. ಚಾಲಕ ದಸ್ತಗೀರ ಈ ಸತ್ಯವನ್ನು ಮೊದಲ ವಾರವೇ ಅರಿತು ಸೀಟಿನ ಕೆಳಗೆ ಒಂದು ದಿಂಬು ಇಟ್ಟುಕೊಂಡಿದ್ದ. ಬೆಳಿಗ್ಗೆ ಆಕಾಶ ತೊಳೆದ ತಾಟಿನಂತೆ ಖಾಲಿ ಇತ್ತು. ದೇವರ ಹಿಪ್ಪರಗಿಯ ಹತ್ತಿರ ಚಹಾ ಕುಡಿದರು. ಮಧ್ಯಾಹ್ನ ದಕ್ಷಿಣದಲ್ಲಿ ಒಂದು ಬಿಳಿ ಮೋಡ ಎದ್ದಿತೆಂದು ತಾಳಿಕೋಟಿಯ ದಿಕ್ಕಿಗೆ ಓಡಿಸಿದರು. ಅದು ಸುಮ್ಮನೆ ಉಬ್ಬಿ, ಸುಮ್ಮನೆ ಕರಗಿತು. ದಸ್ತಗೀರ ಅದಕ್ಕೊಂದು ಬೈಗುಳ ಬೈದು ವ್ಯಾನು ತಿರುಗಿಸಿದ. ಮೋಡಕ್ಕೆ ಬೈಯಬೇಡ ಎಂದು ಕಸ್ತೂರಿ ನಕ್ಕಳು. ಅವಳಿಗೆ ಬೇಸರವೇ ಆಗುತ್ತಿರಲಿಲ್ಲ. ಒಂದೇ ಬಿಸಿಲು, ಒಂದೇ ನೆಲ, ಆದರೂ ಒಂದು ಮೋಡ ಬೆಳೆಯುತ್ತದೆ, ಇನ್ನೊಂದು ಸಾಯುತ್ತದೆ. ಯಾಕೆ ಎಂದು ಚಿಕ್ಕಂದಿನಿಂದಲೂ ಕೇಳುತ್ತಿದ್ದಳು, ಈಗ ಕೇಳುವುದಕ್ಕೆ ಸಂಬಳ ಕೊಡುತ್ತಿದ್ದರು.

ಇಳಿಹೊತ್ತಿಗೆ ಇಂಡಿಯ ಮೇಲೆ ನಿಜವಾದದ್ದು ಎದ್ದಿತು. ಮೊದಲು ಹೂಕೋಸಿನ ಹಾಗೆ ಗಂಟುಗಂಟು. ನೋಡನೋಡುತ್ತಲೇ ತಲೆ ಚಪ್ಪಟೆಯಾಗಿ ಅರ್ಧ ಆಕಾಶಕ್ಕೆ ಚಪ್ಪರ ಹಾಕಿತು. ಅಡಿಯಲ್ಲಿ ಹಸಿರು ಛಾಯೆ. ಹಸಿರೆಂದರೆ ಆಲಿಕಲ್ಲು.

“ಮೇಡಮ್ಮಾರ, ಇದು ಹುಡುಗಾಟದ್ದಲ್ರಿ,” ಎಂದ ದಸ್ತಗೀರ.

“ಸಿಂದಗಿ ದಾರಿ ಹಿಡಿ. ಅದಕ್ಕಿಂತ ನಾವು ಮುಂದೆ ಇರಬೇಕು.”

ಕಪ್ಪು ನೆಲದ ನಡುವಿನ ರಸ್ತೆಯಲ್ಲಿ ವ್ಯಾನು ಹಾರಿಕೊಂಡು ಹೋಯಿತು. ಮಡಿಲಿನ ಪರದೆಯ ಮೇಲೆ ಕಸ್ತೂರಿ ಚುಕ್ಕೆಗಳನ್ನು ನೋಡುತ್ತಿದ್ದಳು. ಮೊದಲ ಗುಡುಗು ಉರುಳಿದ ಕೂಡಲೇ ಎಡಗಡೆಯ ಹಳ್ಳಿ ಆರಿತು. ಆಮೇಲೆ ಅದರಾಚೆಯದು. ಆಮೇಲೆ ರಸ್ತೆಯ ಮೇಲಿನದು. ಯಾರೋ ಊದಿ ಆರಿಸಿಕೊಂಡು ಹೋಗುತ್ತಿದ್ದ ಹಾಗಿತ್ತು. ಅವಳ ಎದೆ ಸಂತೋಷದಿಂದ ಹೊಡೆದುಕೊಂಡಿತು. ಈಗ ತಾವಿರುವುದೇ ಮೌನಪಟ್ಟಿಯೊಳಗೆ!

ವ್ಯಾನು ನಿಲ್ಲಿಸಿ ದೂಳು ಹಿಡಿದಳು, ಗಾಳಿಯ ವಿದ್ಯುತ್ತು ಅಳೆದಳು. ದೂಳಿನಲ್ಲಿ ದೂಳಷ್ಟೇ ಇತ್ತು. ಸ್ವಂತ ಫೋನು ತೆಗೆದು ನೋಡಿದಳು. ಸಿಗ್ನಲ್ ತುಂಬಿಕೊಂಡಿತ್ತು. ಕಿವುಡಾಗಬೇಕಾದ ಫೋನು ಕಿವುಡಾಗದೆ ಗಟ್ಟಿಯಾಗಿ ಹೊಡೆದುಕೊಂಡಿತು. ಆ ಕಡೆ ಕೆದಿಲಾಯರು.

“ಮೇಡಂ, ನಿಮ್ಮ ಎದುರಿನ ಇಳಿಗಂಬಕ್ಕೆ ಮೋಡ ಸರಿಯಾಗಿ ಬರ್ತಾ ಉಂಟು. ಸುತ್ತ ಒಂದೇ ಒಂದು ಫೋನಿಲ್ಲ. ನಿಮ್ಮ ಮಾಪಕದ ಲೆಕ್ಕವೂ ಹೊಂದಿದರೆ ಕಂಬವನ್ನು ಸಿದ್ಧ ಮಾಡುವುದಾ?”

ವ್ಯಾನಿನ ಮಾಪಕದ ಮುಳ್ಳು ಏರುತ್ತಲೇ ಇತ್ತು. ಲೆಕ್ಕ ಹೊಂದಿತ್ತು. “ಮಾಡಿ,” ಎಂದಳು. ಒಮ್ಮೆ ಸಿದ್ಧವಾದರೆ ಕಂಬಕ್ಕೆ ಮತ್ತೆ ಅಪ್ಪಣೆ ಬೇಕಿಲ್ಲ. ಮೋಡ ಮಾಗಿದ್ದನ್ನು ಕಂಡುಕೊಂಡು ತಾನೇ ರಾಕೆಟ್ಟು ಬಿಡುತ್ತದೆ.

ಇಂಥ ದೊಡ್ಡ ಗಳಿಗೆಯಲ್ಲಿ ಮನೆಯ ನೆನಪಾಗುವುದು ಮನುಷ್ಯ ಸ್ವಭಾವ. ವಿಜಯಪುರದ ಮೇಲೂ ಒಂದು ಮರಿಮೋಡ ಗುಡುಗುತ್ತಿರುವುದು ಪರದೆಯಲ್ಲಿ ಕಂಡಿತು. ಮಹಡಿಯ ಮೇಲೆ ಒಣಹಾಕಿದ ಹಪ್ಪಳ ತೆಗೆಯಲು ಹೇಳೋಣವೆಂದು ಅತ್ತೆಗೆ ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು ಯಂತ್ರದ ಹೆಣ್ಣುದನಿ.

ಹೌದಲ್ಲ, ಗುಡುಗು ಕೇಳಿದರೆ ಅತ್ತೆ ಮೊದಲು ಮಾಡುವ ಕೆಲಸವೇ ಅದು. ಫೋನು ಆಫ್ ಮಾಡಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಾಳೆ. ಫೋನು ಸಿಡಿಲನ್ನು ಎಳೆಯುವುದಿಲ್ಲ ಎಂದು ಎಷ್ಟು ವರ್ಷ ಹೇಳಿದರೂ, “ನಿನ್ನ ಸೈನ್ಸ್ ನಿನ್ನ ಆಫೀಸಿನ್ಯಾಗ ಇಟ್ಕೋ” ಎನ್ನುತ್ತಾಳೆ. ಅವಳೊಬ್ಬಳೇ ಏನು, ಓಣಿಯ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ.

ಓಣಿಯ ಹೆಂಗಸರೆಲ್ಲ.

ಕಸ್ತೂರಿ ಪರದೆಯ ಮೇಲೆ ತನ್ನ ಓಣಿಯನ್ನು ದೊಡ್ಡದು ಮಾಡಿ ನೋಡಿದಳು. ಕತ್ತಲು. ಅವಳಿಗೆ ಮೊದಲು ನಗು ಬಂತು, ತಡೆಯಲಾರದ ನಗು. ದೂಳಂತೆ, ಸಿದ್ಧಾಂತವಂತೆ! ಎರಡು ತಿಂಗಳಿಂದ ಪ್ರಪಂಚದ ಹೊಸ ಅದ್ಭುತವೆಂದು ಅಳೆಯುತ್ತಿದ್ದದ್ದು ಜನ ಬೆರಳಿನಲ್ಲಿ ಒತ್ತಿ ಫೋನು ಆರಿಸುವುದನ್ನು. ಅದೂ ತನ್ನ ಅಡುಗೆಮನೆಯಲ್ಲೇ ನಡೆಯುವುದನ್ನು. ದಸ್ತಗೀರ ಅವಳ ನಗು ನೋಡಿ ತಾನೂ ನಗಲು ಶುರು ಮಾಡಿದ. ಅಷ್ಟರಲ್ಲಿ ಅವಳ ನಗು ನಿಂತುಹೋಯಿತು. ಕಂಬದ ಸುತ್ತ ಫೋನಿಲ್ಲ ಎಂದಷ್ಟೇ ಗೊತ್ತು. ಜನರಿಲ್ಲ ಎಂದು ಯಾರಿಗೆ ಗೊತ್ತು?

“ಕೆದಿಲಾಯರೇ, ಕಂಬ ವಾಪಸ್ ತಗೊಳ್ಳಿ! ಈಗಲೇ!”

“ಎಂತ ಆಯ್ತು ಮಾರಾಯ್ರೆ? ಅಲ್ಲಿ ಯಾರೂ ಇಲ್ಲ.”

“ಫೋನಿಲ್ಲ ಅನ್ನಿ. ಗುಡುಗಿದರೆ ಜನ ಫೋನ್ ಆರಿಸ್ತಾರೆ. ಅಷ್ಟೇ ನಮ್ಮ ಮೌನಪಟ್ಟಿ. ವಾಪಸ್ ತಗೊಳ್ಳಿ.”

ಆ ಕಡೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಸದ್ದು ಕೇಳಿಸಿತು. ಆಮೇಲೆ ಕೆದಿಲಾಯರ ದನಿ ಬದಲಾಯಿತು. “ಒತ್ತಿದೆ ಮೇಡಂ. ಕಂಬ ಉತ್ತರ ಕೊಡ್ತಾ ಇಲ್ಲ. ಗಾಳಿಗೆ ಅದರ ಆಂಟೆನಾ ಹೋಗಿದೆ ಕಾಣ್ತದೆ. ನಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ ಇನ್ನು.”

ವ್ಯಾನು ಕಂಬದ ಕಡೆ ಹಾರಿತು. ಆಲಿಕಲ್ಲು ಶುರುವಾಗಿ ಮೇಲ್ಛಾವಣಿಯ ಮೇಲೆ ಯಾರೋ ಕಡಲೆ ಹುರಿದಂತೆ ಸದ್ದು. ತಿರುವು ದಾಟಿದಾಗ ಬಂಜರು ಕಂಡಿತು. ಬೇಲಿಯೊಳಗೆ ಇಳಿಗಂಬ, ಅದರ ಮೇಲೆ ಕೆಂಪು ದೀಪ. ಕೆಂಪೆಂದರೆ ಸಿದ್ಧ, ಹಸಿರೆಂದರೆ ಬೀಗ. ಆಂಟೆನಾ ಮುರಿದು ಜೋತಾಡುತ್ತಿತ್ತು. ಅಲ್ಲಿಂದ ಕೂಗಳತೆಯಲ್ಲಿ, ಕಂಬ ನೆಡುವಾಗ ಇಲ್ಲದಿದ್ದ ಒಂದು ಉದ್ದನೆಯ ಶೆಡ್ಡು. ದ್ರಾಕ್ಷಿ ಒಣಗಿಸುವ ಶೆಡ್ಡು, ಕಬ್ಬಿಣದ ಕಂಬಗಳು, ತಂತಿಬಲೆಯ ಅಟ್ಟಗಳು, ತಗಡಿನ ಮಾಡು. ಅದರ ತಂತಿ ಬೇಲಿ ಬಂದು ಇಳಿಗಂಬದ ಬುಡಕ್ಕೆ ತಾಗಿತ್ತು. ಸಿಡಿಲು ಇಳಿದರೆ ಅರ್ಧ ಪಾಲು ಆ ಬೇಲಿ ಹಿಡಿದು ನೇರ ಶೆಡ್ಡಿಗೆ ನಡೆಯುತ್ತದೆ.

ಶೆಡ್ಡಿನ ಕೆಳಗೆ ಹದಿನೈದಿಪ್ಪತ್ತು ಹೆಂಗಸರು ಸೆರಗು ಹೊದ್ದು ಒತ್ತೊತ್ತಾಗಿ ಕೂತಿದ್ದರು.

ಕಂಬಕ್ಕೆ ಕೈ ಹಚ್ಚಿ ಆರಿಸುವಂತಿರಲಿಲ್ಲ. ಮುಟ್ಟಿದಾಗಲೇ ರಾಕೆಟ್ಟು ಎದ್ದರೆ ಮುಟ್ಟಿದವರು ಉಳಿಯುವುದಿಲ್ಲ. ಅಷ್ಟು ಜನರನ್ನು ಯಂತ್ರ ತುಂಬಿದ ವ್ಯಾನಿನಲ್ಲಿ ಹಾಕುವಂತಿರಲಿಲ್ಲ, ಬಯಲಿಗೆ ಓಡಿಸುವುದಂತೂ ಸಾವಿನ ಬಾಯಿಗೇ ಕಳಿಸಿದ ಹಾಗೆ. ಉಳಿದದ್ದು ಒಂದೇ ದಾರಿ. ಕಂಬಕ್ಕೆ ಕೇಂದ್ರದ ಮಾತು ಕೇಳಿಸದಿದ್ದರೂ ಪಕ್ಕದ ಫೋನು ಕೇಳಿಸುತ್ತದೆ, ಅದಕ್ಕೆ ಬುಡದಲ್ಲಿ ಬೇರೆಯದೇ ಕಿವಿ ಇದೆ. ತನ್ನದೂ ದಸ್ತಗೀರನದೂ ಲೆಕ್ಕಕ್ಕಿಲ್ಲ. ಇವರಲ್ಲಿ ಯಾರದಾದರೂ ಒಂದು ಬೇಕು.

ಕಸ್ತೂರಿ ಓಡಿಹೋಗಿ ಶೆಡ್ಡು ಹೊಕ್ಕಳು. “ಒಂದ ಫೋನ್ ಚಾಲೂ ಮಾಡ್ರಿ! ಯಾರದಾದ್ರೂ ಒಂದ!”

ಅವರೆಲ್ಲ ಅವಳ ಮುಖವನ್ನೇ ನೋಡಿದರು. “ಹುಚ್ಚ ಹಿಡದೈತೇನ ಈಕೀಗೆ?” ಎಂದಳು ಒಬ್ಬಳು. “ಮಿಂಚೂದು ಕಾಣವಲ್ಲದೇನ?” ಎಂದಳು ಇನ್ನೊಬ್ಬಳು. ನಡುವೆ ಕೂತ ಮುದುಕಿಯ ಮಡಿಲಲ್ಲಿ ಮುಚ್ಚಳ ಬಿಗಿದ ಸ್ಟೀಲಿನ ಡಬ್ಬಿ ಇತ್ತು. ಎಲ್ಲರ ಫೋನುಗಳೂ ಅದರೊಳಗೆ. ಅವಳ ಹೆಸರು ನಿಂಬೆವ್ವ, ಗುಂಪಿಗೆ ಹಿರಿಯಾಳು. ಅವಳು ಡಬ್ಬಿಯನ್ನು ಇನ್ನಷ್ಟು ಅವಚಿಕೊಂಡಳು.

“ಯಾರ ಯವ್ವಾ ನೀ?”

ಕಸ್ತೂರಿ ಕಂಬದ ಕಡೆ ಕೈ ತೋರಿಸಿದಳು. “ಆಯಿ, ಆ ಕಂಬ ಸಿಡಲ ಕರೀತೈತ್ರಿ. ಮಂದಿ ಇದ್ರ ಕರಿಯಂಗಿಲ್ಲ. ಇಲ್ಲಿ ಯಾರೂ ಇಲ್ಲ ಅಂತ ತಿಳ್ಕೊಂಡೈತಿ.”

“ಇಷ್ಟ ಮಂದಿ ಕುಂತೀವಿ, ಯಾರೂ ಇಲ್ಲಂದ್ರ?”

“ಅದಕ್ಕ ಮಂದಿ ಕಾಣಂಗಿಲ್ರಿ. ಫೋನ್ ಅಷ್ಟ ಕಾಣ್ತಾವ.”

“ಹಂಗ ಕುರುಡ ಯಾರ ಮಾಡ್ಯಾರ ಅದನ್ನ?”

“ನಾವ ಮಾಡೀವ್ರಿ.”

ನಿಂಬೆವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿಮ್ಮ ಮನ್ಯಾಗ ಗುಡುಗಿದ್ರ ಫೋನ್ ಹಚ್ಚೇ ಇಡ್ತೀರೇನ?”

ಸುಳ್ಳು ಹೇಳಬಹುದಿತ್ತು. ಹೇಳಲು ನಾಲಗೆ ತಿರುಗಲಿಲ್ಲ. “ಇಲ್ರಿ ಆಯಿ. ನಮ್ಮತ್ತಿನೂ ಬಂದ್ ಮಾಡ್ತಾರ.”

ಮುದುಕಿ ಮುಚ್ಚಳ ತೆರೆದಳು. ಉಳಿದವರು ಹೋ ಎಂದರು. ಅವರ ಫೋನುಗಳನ್ನೆಲ್ಲ ಸರಿಸಿ ತನ್ನದನ್ನು ಮಾತ್ರ ತೆಗೆದುಕೊಂಡು, ಸೊಂಟ ಹಿಡಿದು ಎದ್ದು ಶೆಡ್ಡಿನ ಆ ತುದಿಗೆ ನಡೆದಳು. “ನೀವ್ಯಾರೂ ಈ ಕಡೆ ಬರಬ್ಯಾಡ್ರಿ,” ಎಂದಳು. ಬಿದ್ದರೆ ತನ್ನೊಬ್ಬಳ ಮೇಲೆ ಬೀಳಲಿ ಎಂದು ಅವಳು ದೂರ ಹೋದದ್ದೆಂದು ಕಸ್ತೂರಿಗೆ ತಿಳಿದದ್ದು ಅವಳು ಕೂತ ಮೇಲೆ.

ಫೋನು ಕುಯ್ಯೆಂದು ಹಾಡಿ ಎಚ್ಚರವಾಯಿತು. ಕಂಬದ ದೀಪ ಹಸಿರಾಯಿತು.

ಸರಿಯಾಗಿ ಆಗಲೇ ರಸ್ತೆಯಾಚೆಯ ಬೇವಿನ ಮರಕ್ಕೆ ಸಿಡಿಲು ಹೊಡೆಯಿತು. ಕಣ್ಣು ಕತ್ತಲಾಗಿ ಕಿವಿ ಗುಂಯ್ಗುಟ್ಟಿತು. ಫೋನಿಗೂ ಸಿಡಿಲಿಗೂ ಏನೇನೂ ಸಂಬಂಧವಿರಲಿಲ್ಲ, ಮಾಗಿದ ಮೋಡ ಎಲ್ಲಾದರೂ ಒಂದು ಕಡೆ ಹೊಡೆಯುವುದೇ ಇತ್ತು. ಆದರೆ ಅದನ್ನು ಅಲ್ಲಿ ಯಾರಿಗೆ ಹೇಳುವುದು? ಫೋನು ಹಚ್ಚಿದರು, ಸಿಡಿಲು ಬಿತ್ತು. ಅಷ್ಟು ಜನ ಕಣ್ಣಾರೆ ಕಂಡಿದ್ದರು. ಕಸ್ತೂರಿಯ ಇಡೀ ವಿದ್ಯೆಯಲ್ಲಿ ಅಷ್ಟು ಸ್ಪಷ್ಟವಾದ ಪ್ರಯೋಗ ಒಂದೂ ನಡೆದಿರಲಿಲ್ಲ.

ನಿಂಬೆವ್ವ ಬೆಂಕಿ ಮುಟ್ಟಿದವಳಂತೆ ಫೋನು ಆರಿಸಿದಳು. ಹೆಂಗಸರು ಅಳುತ್ತ ಕಿರುಚುತ್ತ ಕಸ್ತೂರಿಗೆ ಹಿಡಿಶಾಪ ಹಾಕಿದರು. ದೀಪ ಮತ್ತೆ ಕೆಂಪು. ವ್ಯಾನಿನಿಂದ ದಸ್ತಗೀರ ಕೂಗಿದ: “ಮೇಡಮ್ಮಾರ, ಮುಳ್ಳ ಮತ್ತ ಏರಾಕತ್ತೈತ್ರಿ! ಲಗೂ ಮಾಡ್ರಿ!”

ಕಸ್ತೂರಿ ಮುದುಕಿಯ ಹತ್ತಿರ ಹೋದಳು. ವಿವರಣೆಯಿಂದ ಆಗುವ ಕೆಲಸವಾಗಿರಲಿಲ್ಲ ಅದು. ಸುಮ್ಮನೆ ಅವಳ ಪಕ್ಕ, ಮೈಗೆ ಮೈ ತಾಗುವಂತೆ ಕೂತಳು.

“ಇಲ್ಲ್ಯಾಕ ಕುಂತಿ? ಅಂಜಿಕಿಲ್ಲೇನ ನಿನಗ?”

“ಐತ್ರಿ ಆಯಿ. ಕೈ ಹಿಡದ ನೋಡ್ರಿ.”

ನಿಂಬೆವ್ವ ಹಿಡಿದು ನೋಡಿದಳು. ಹೊಗೆಯಾಡುವ ಬೇವಿನ ಮರವನ್ನು ಒಮ್ಮೆ ನೋಡಿದಳು, ಕಂಬವನ್ನು ಒಮ್ಮೆ ನೋಡಿದಳು. “ಇಂಥಾ ಮಳ್ಯಾಗ ಯಾರೂ ಓಡಿ ಬರಂಗಿಲ್ಲ. ನೀ ಬಂದಿ,” ಎಂದಳು. “ಬಿದ್ರ ಇಬ್ಬರ ಮ್ಯಾಲೂ ಬೀಳಲಿ.” ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದಳು.

ಫೋನು ಹಾಡಿತು. ದೀಪ ಹಸಿರಾಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ತಗಡಿನ ಮೇಲೆ ಆಲಿಕಲ್ಲು ಹುಯ್ಯುತ್ತಿತ್ತು. ಮೋಡದೊಳಗೆ ಮಿಂಚು ಅಡ್ಡಡ್ಡ ಹರಿದಾಡಿತು. ಪ್ರತಿ ಗುಡುಗಿಗೂ ಮುದುಕಿಯ ಹೆಬ್ಬೆರಳು ಗುಂಡಿಯ ಮೇಲೆ ಹೋಗುತ್ತಿತ್ತು, ಒತ್ತುತ್ತಿರಲಿಲ್ಲ.

ಸುಮಾರು ಹೊತ್ತಿನ ಮೇಲೆ ಅವಳು ಕೇಳಿದಳು. “ಒಂದ ಕೇಳ್ತೀನಿ. ಸಿಡಲ ಮ್ಯಾಲಿಂದ ಕೆಳಗ ಬರ್ತೈತೋ, ಕೆಳಗಿಂದ ಮ್ಯಾಲ ಹೋಗ್ತೈತೋ?”

ಅಂಥ ಗಳಿಗೆಯಲ್ಲೂ ಕಸ್ತೂರಿಗೆ ಖುಷಿಯಾಯಿತು. ವಿದ್ಯಾರ್ಥಿಗಳು ಈ ಪ್ರಶ್ನೆಗೆ ಬರಲು ಒಂದು ವರ್ಷ ಹಿಡಿಯುತ್ತಿತ್ತು. “ಎರಡೂ ರಿ. ಮ್ಯಾಲಿಂದ ಒಂದ ದಾರಿ ಹುಡುಕ್ಕೋತ ಇಳೀತೈತಿ. ಕೆಳಗಿಂದ ಒಂದ ಏಳ್ತೈತಿ. ನಡುವ ಕೂಡ್ತಾವ.”

“ಹಂಗಾರ ನೆಲಾನೂ ಕರೀತೈತಿ ಅನ್ನು,” ಎಂದಳು ನಿಂಬೆವ್ವ. ಅದನ್ನೇ ಯೋಚಿಸುತ್ತ ಕೂತಳು.

ಆಲಿಕಲ್ಲು ಮಳೆಯಾಯಿತು, ಮಳೆ ಹನಿಯಾಯಿತು. ಮುಳ್ಳು ಇಳಿಯಿತೆಂದು ದಸ್ತಗೀರ ಕೂಗಿ ಹೇಳಿದ. ಮೋಡ ಎದ್ದು ಪೂರ್ವಕ್ಕೆ ನಡೆಯಿತು. ಕಂಬದ ದೀಪ ತಾನಾಗಿ ಆರಿತು. ಕಸ್ತೂರಿ ಅಟ್ಟದ ಕಂಬ ಹಿಡಿದು ಎದ್ದು ಕೆದಿಲಾಯರಿಗೆ ಫೋನು ಮಾಡಿದಳು.

“ಎಲ್ಲ ಕಂಬಗಳಿಗೂ ಬೀಗ ಹಾಕಿ. ಜಿಲ್ಲೆಯಲ್ಲಿ ಒಂದೂ ಬಿಡಬೇಡಿ.”

“ಎಲ್ಲವನ್ನೂ? ಈ ವರ್ಷದ ಕೆಲಸವೇ ನಿಂತು ಹೋಗ್ತದಲ್ಲ ಮೇಡಂ. ಮೇಲಿನವರು ಕೇಳ್ತಾರೆ. ಕಾರಣ ಏನಂತ ಬರೆಯುವುದು?”

“ಜನ ಇದ್ದಾರೆ ಅಂತ ಬರೆಯಿರಿ.”

“ಎಲ್ಲಿ ಅಂತ? ನಕ್ಷೆಯಲ್ಲಿ ನಿಮ್ಮ ಹತ್ತಿರ ಒಂದು ಚುಕ್ಕೆ ಉಂಟು, ಅಷ್ಟೇ.” ಕೆದಿಲಾಯರು ಮತ್ತೊಮ್ಮೆ ನಕ್ಷೆ ನೋಡಿದರು. “ಈಗ ಅದೂ ಹೋಯ್ತು. ಈಗ ಅಲ್ಲಿ ಯಾರೂ ಇಲ್ಲ.”

ಕಸ್ತೂರಿ ತಿರುಗಿ ನೋಡಿದಳು. ದೂರದಲ್ಲಿ ಇನ್ನೊಂದು ಗುಡುಗು ಉರುಳಿದ್ದಕ್ಕೆ ನಿಂಬೆವ್ವ ಫೋನು ಆರಿಸಿ ಡಬ್ಬಿಗೆ ಹಾಕಿದ್ದಳು. ಹೆಂಗಸರು ಎದ್ದಿದ್ದರು. ಒಬ್ಬಳು ತೊಯ್ದ ತಾಡಪತ್ರಿ ಎಳೆಯುತ್ತ ಒಣದ್ರಾಕ್ಷಿಯ ಮಣೂಕ ಎಲ್ಲ ನೀರಾಯಿತೆಂದು ಮಾಲೀಕನನ್ನು ಬೈಯುತ್ತಿದ್ದಳು, ಒಬ್ಬಳು ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಂಡಳು, ಒಬ್ಬಳು ಇನ್ನೂ ಅಳುತ್ತಿದ್ದಳು, ಅವಳ ಬೆನ್ನು ಸವರುತ್ತ ಇನ್ನಿಬ್ಬರು ನಗುತ್ತಿದ್ದರು. ಆ ಗದ್ದಲದಲ್ಲಿ ಕೆದಿಲಾಯರ ದನಿಯೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

“ನೀವು ಬರೆಯಿರಿ,” ಎಂದಳು ಕಸ್ತೂರಿ. “ನಾನು ಇಲ್ಲಿ ನಿಂತು ನೋಡ್ತಾ ಇದ್ದೀನಿ.”